ಮೊದಲು ಕತ್ತರಿಸಿ ನೋಡಿ: ಸ್ಟ್ರೆಸ್, ಸ್ಟ್ರೇನ್ ಮತ್ತು ಉದ್ದದ ಬದಲಾವಣೆಯ ಲೆಕ್ಕ

ಕಲಬುರಗಿ ಸೀಮೆಯ ಹೊಲಗಳಲ್ಲಿ ಬೋರ್‌ವೆಲ್‌ಗೆ ಪಂಪ್ ಇಳಿಸುವುದನ್ನು ನೀವು ನೋಡಿರುತ್ತೀರಿ. ಪಂಪಿಗೆ ಮೊದಲ ಪೈಪ್ ಜೋಡಿಸುತ್ತಾರೆ, ಇಳಿಸುತ್ತಾರೆ, ಕ್ಲ್ಯಾಂಪ್ ಹಾಕಿ ಹಿಡಿಯುತ್ತಾರೆ. ಅದರ ತಲೆಗೆ ಇನ್ನೊಂದು ಪೈಪ್ ತಿರುಗಿಸುತ್ತಾರೆ. ಹೀಗೆ ಜಿಐ ಪೈಪಿನ ಸಾಲು 150 ಮೀಟರ್ ಆಳಕ್ಕೆ ಇಳಿದು ನಿಂತಿದೆ ಅಂದುಕೊಳ್ಳಿ. ತುದಿಯಲ್ಲಿ 40 ಕೆ.ಜಿ. ಪಂಪ್ ಇದೆ. ಈ ಸಾಲಿನಲ್ಲಿ ಯಾವ ಪೈಪಿನ ಮೇಲೆ ಜಾಸ್ತಿ ಹೊರೆ ಬಿದ್ದಿದೆ? ಇಡೀ ಸಾಲು ಎಷ್ಟು ಉದ್ದವಾಗಿದೆ?

ಹೊರೆ ಜಾಸ್ತಿ ಇರುವುದು ಪಂಪಿನ ಹತ್ತಿರದ ಪೈಪಿನ ಮೇಲೆ ಅಲ್ಲ, ಕ್ಲ್ಯಾಂಪಿನ ಕೆಳಗೇ ಇರುವ, ಎಲ್ಲಕ್ಕಿಂತ ಮೇಲಿನ ಪೈಪಿನ ಮೇಲೆ. ಸಾಲು ಸುಮಾರು 5 ಮಿ.ಮೀ. ಉದ್ದವಾಗಿರುತ್ತದೆ. ಅದರಲ್ಲಿ ಪಂಪಿನ ಪಾಲು 1 ಮಿ.ಮೀ.ಗಿಂತಲೂ ಕಡಿಮೆ. ಉಳಿದದ್ದೆಲ್ಲ ಪೈಪಿನ ಸ್ವಂತ ಭಾರದ ಕೆಲಸ.

ಈ ಉತ್ತರ ಹೇಗೆ ಬಂತು ಅನ್ನುವುದೇ ಈ ಲೇಖನ. ಡಿಪ್ಲೊಮಾ ಮತ್ತು ಬಿ.ಇ. ಓದುವ ಮಕ್ಕಳಿಗೆ ಇದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಮೊದಲ ಅಧ್ಯಾಯ. ಸೂತ್ರಗಳು ಚಿಕ್ಕವು, ಒಂದು ಸಂಜೆಯಲ್ಲಿ ಬಾಯಿಪಾಠ ಆಗುತ್ತವೆ. ಆದರೂ ಪರೀಕ್ಷೆಯಲ್ಲಿ ಲೆಕ್ಕ ತಪ್ಪುತ್ತದೆ. ತಪ್ಪುವ ಜಾಗ ಸೂತ್ರ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೂತ್ರಕ್ಕೆ ಯಾವ ಬಲವನ್ನು ಹಾಕಬೇಕು ಅನ್ನುವಲ್ಲೇ ಎಡವುತ್ತಾರೆ. ಅದಕ್ಕೆ ಒಂದೇ ಅಭ್ಯಾಸ ಬೇಕು: ಕತ್ತರಿಸಿ ನೋಡುವುದು.

ಕೊಯ್ದ ಮುಖದಲ್ಲಿ ಏನಿದೆ?

ಮೇಲಿನಿಂದ ಒಂದು ಸರಳು ತೂಗಿದೆ. ಅದರ ತುದಿಗೆ ಭಾರ ಕಟ್ಟಿದ್ದೀರಿ. ಭಾರ ಸರಳಿನ ನಟ್ಟನಡುವಿನ ಗೆರೆಯ ಉದ್ದಕ್ಕೇ ಎಳೆಯುತ್ತಿದೆ, ಪಕ್ಕಕ್ಕೆ ಬಗ್ಗಿಸುತ್ತಿಲ್ಲ. ಇದನ್ನೇ ಆಕ್ಸಿಯಲ್ ಲೋಡ್ ಅನ್ನುತ್ತೇವೆ. ಎಳೆದರೆ ಟೆನ್ಶನ್, ಒತ್ತಿದರೆ ಕಂಪ್ರೆಶನ್.

ಈಗ ಮನಸ್ಸಿನಲ್ಲೇ ಗರಗಸ ಹಿಡಿದು ಸರಳನ್ನು ಎಲ್ಲಾದರೂ ಅಡ್ಡಕ್ಕೆ ಕೊಯ್ಯಿರಿ. ಕೆಳಗಿನ ತುಂಡು ಬೀಳಬೇಕು ಅಲ್ವಾ? ಆದರೆ ನಿಜವಾದ ಸರಳಿನಲ್ಲಿ ಅದು ಬಿದ್ದಿಲ್ಲ. ಅಂದರೆ ಮೇಲಿನ ತುಂಡು ಆ ಕೊಯ್ದ ಮುಖದ ಮೂಲಕ ಕೆಳಗಿನದನ್ನು ಎಳೆದು ಹಿಡಿದಿದೆ. ಆ ಹಿಡಿತವೇ ಒಳಬಲ. ಕೊಯ್ದ ಜಾಗದ ಕೆಳಗೆ ಏನೇನು ಭಾರ ಇದೆಯೋ ಅಷ್ಟನ್ನೂ ಕೂಡಿಸಿ, ಒಳಬಲ ಸಿಗುತ್ತದೆ. ಅದರ ಮೇಲಿರುವ ಭಾರಕ್ಕೂ ಈ ಮುಖಕ್ಕೂ ಸಂಬಂಧ ಇಲ್ಲ.

ಒಳಬಲವನ್ನು ಕೊಯ್ದ ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಸ್ಟ್ರೆಸ್. ಒಂದೊಂದು ಚದರ ಮಿಲಿಮೀಟರ್ ಎಷ್ಟು ನ್ಯೂಟನ್ ಹೊತ್ತಿದೆ ಅನ್ನುವ ಲೆಕ್ಕ ಇದು. ಬಲವನ್ನು ನ್ಯೂಟನ್‌ನಲ್ಲಿ, ಉದ್ದವನ್ನು ಮಿಲಿಮೀಟರ್‌ನಲ್ಲಿ ಇಟ್ಟುಕೊಂಡರೆ ಸ್ಟ್ರೆಸ್ ನೇರವಾಗಿ ಚ.ಮಿ.ಮೀ.ಗೆ ಇಷ್ಟು ನ್ಯೂಟನ್ ಎಂದು ಬರುತ್ತದೆ. ಮೆಗಾಪಾಸ್ಕಲ್ ಅಂದರೂ ಅದೇ. ಲೆಕ್ಕ ಶುರು ಮಾಡುವ ಮುಂಚೆಯೇ ಎಲ್ಲವನ್ನೂ ಈ ಎರಡು ಅಳತೆಗೆ ತಂದುಬಿಡಿ. ಅರ್ಧ ತಪ್ಪು ಅಲ್ಲೇ ಕಳೆಯುತ್ತದೆ. ಇನ್ನೊಂದು ಎಚ್ಚರ: ಕೆ.ಜಿ. ಬಲ ಅಲ್ಲ. ಅದನ್ನು 9.81ರಿಂದ ಗುಣಿಸಿದರೆ ಮಾತ್ರ ನ್ಯೂಟನ್.

ಮನೆ ಕಟ್ಟುವವರು ದಿನಾ ಬಳಸುವ 12 ಮಿ.ಮೀ. ಸರಳನ್ನೇ ತಗೊಳ್ಳಿ. ಅದರ ಮುಖದ ವಿಸ್ತೀರ್ಣ ಸುಮಾರು 113 ಚ.ಮಿ.ಮೀ. ಅದಕ್ಕೆ 20 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 2 ಟನ್ ಭಾರ ಕಟ್ಟಿದರೆ ಸ್ಟ್ರೆಸ್ 20,000 ÷ 113 = 177. ಸರಳು 1 ಮೀಟರ್ ಇರಲಿ, 10 ಮೀಟರ್ ಇರಲಿ, ಸ್ವಂತ ಭಾರ ಬಿಟ್ಟರೆ ಸ್ಟ್ರೆಸ್ ಅಷ್ಟೇ. ತುಂಡಾಗುವ ಶಕ್ತಿ ಉದ್ದವನ್ನಲ್ಲ, ಅಡ್ಡಮುಖದ ವಿಸ್ತೀರ್ಣವನ್ನು ನೆಚ್ಚಿಕೊಂಡಿದೆ ಎಂದು ಗೆಲಿಲಿಯೊ 1638ರಲ್ಲೇ ಬರೆದಿದ್ದ.

ಎಷ್ಟು ಹಿಗ್ಗಿತು?

ಉದ್ದ ಬರುವುದು ಈಗ. 2 ಟನ್ ಎಳೆದಾಗ ಸರಳು ಸ್ವಲ್ಪ ಹಿಗ್ಗುತ್ತದೆ. ಎಷ್ಟು ಹಿಗ್ಗಿತು ಅನ್ನುವುದು ಡಿಫಾರ್ಮೇಶನ್. ಅದನ್ನು ಮೂಲ ಉದ್ದದಿಂದ ಭಾಗಿಸಿದರೆ ಸ್ಟ್ರೇನ್. ಮಿಲಿಮೀಟರನ್ನು ಮಿಲಿಮೀಟರಿನಿಂದಲೇ ಭಾಗಿಸುವುದರಿಂದ ಸ್ಟ್ರೇನ್‌ಗೆ ಅಳತೆಯ ಹೆಸರಿಲ್ಲ, ಬರೀ ಸಂಖ್ಯೆ. ಸರಳಿನ ಪ್ರತಿ ಮಿಲಿಮೀಟರೂ ತನ್ನ ಪಾಲಿಗೆ ಎಷ್ಟು ಹಿಗ್ಗಿತು ಎಂದು ಅದು ಹೇಳುತ್ತದೆ.

ಸ್ಟ್ರೆಸ್ಸಿಗೂ ಸ್ಟ್ರೇನಿಗೂ ನಂಟು ಕೊಡುವುದು ವಸ್ತುವಿನ ಗುಣ. ಎಳೆದಷ್ಟೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಆ ಪ್ರಮಾಣಕ್ಕೆ, 1807ರಲ್ಲಿ ಅದನ್ನು ವಿವರಿಸಿದ ಥಾಮಸ್ ಯಂಗ್ ಹೆಸರು ಅಂಟಿತು. ಯಂಗ್ಸ್ ಮಾಡ್ಯುಲಸ್, ಚಿಕ್ಕದಾಗಿ ಇ. ಸ್ಟ್ರೆಸ್ ಭಾಗಿಸು ಸ್ಟ್ರೇನ್ ಎಷ್ಟೋ ಅಷ್ಟೇ ಇ. ಸ್ಟೀಲಿಗೆ ಇದು ಚ.ಮಿ.ಮೀ.ಗೆ 2,00,000 ನ್ಯೂಟನ್. ತಾಮ್ರಕ್ಕೆ ಸುಮಾರು 1,20,000, ಅಲ್ಯೂಮಿನಿಯಂಗೆ 70,000. ಎಂ25 ದರ್ಜೆಯ ಕಾಂಕ್ರೀಟಿಗೆ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಕೊಡುವ ಸೂತ್ರದಂತೆ 25,000. ಬೋರ್‌ಗೆ ಹಾಕುವ ಕಪ್ಪು ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪಿಗೆ ಸಾವಿರದ ಆಸುಪಾಸು.

ಎಲ್ಲ ಕೂಡಿಸಿದರೆ ಬರುವುದು ಈ ಸೂತ್ರ:

ಉದ್ದದ ಬದಲಾವಣೆ = (ಒಳಬಲ × ಉದ್ದ) ÷ (ವಿಸ್ತೀರ್ಣ × ಇ)

ನಮ್ಮ 12 ಮಿ.ಮೀ. ಸರಳು 3 ಮೀಟರ್ ಇದ್ದರೆ ಸ್ಟ್ರೇನ್ 177 ÷ 2,00,000 = 0.00088. ಉದ್ದದ ಬದಲಾವಣೆ 3,000 × 0.00088, ಅಂದರೆ ಸುಮಾರು 2.65 ಮಿ.ಮೀ. ಭಾರ ತೆಗೆದರೆ ಸರಳು ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ.

ಇಲ್ಲಿ ಕಟ್ಟಡದ ಕೆಲಸದವರಲ್ಲಿ ಇರುವ ಒಂದು ನಂಬಿಕೆಯನ್ನು ಬಿಡಿಸಿ ಹೇಳಬೇಕು. ಎಫ್‌ಇ 415 ಗ್ರೇಡಿನ ಬದಲು ಎಫ್‌ಇ 550 ಗ್ರೇಡಿನ ಸರಳು ಹಾಕಿದರೆ ಹಿಗ್ಗುವುದು ಕಡಿಮೆ ಆಗುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಗ್ರೇಡ್ ಹೇಳುವುದು ಎಷ್ಟು ಸ್ಟ್ರೆಸ್ ತನಕ ತಡೆಯುತ್ತದೆ ಅಂತ. ಇ ಹೇಳುವುದು ಎಷ್ಟು ಹಿಗ್ಗುತ್ತದೆ ಅಂತ. ಎಲ್ಲ ಗ್ರೇಡಿನ ಸ್ಟೀಲಿಗೂ ಇ ಹೆಚ್ಚುಕಡಿಮೆ ಒಂದೇ. ಅದೇ ದಪ್ಪದ ಸರಳಿಗೆ ಅದೇ ಭಾರ ಕಟ್ಟಿದರೆ ಎರಡೂ ಒಂದೇ ಅಳತೆ ಹಿಗ್ಗುತ್ತವೆ. ಕಡಿಮೆ ಹಿಗ್ಗಬೇಕು ಅಂದರೆ ದಪ್ಪ ಸರಳೇ ಬೇಕು. ಗಟ್ಟಿತನ ಬೇರೆ, ಬಿಗಿತನ ಬೇರೆ.

ಎಳೆದಾಗ ಉದ್ದದ ಜೊತೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ಸರಳು ಸಣ್ಣಗಾಗುತ್ತದೆ. ಉದ್ದದ ಸ್ಟ್ರೇನ್‌ನ ಎಷ್ಟು ಭಾಗ ಅಡ್ಡಕ್ಕೆ ಕುಗ್ಗುತ್ತದೆ ಅನ್ನುವುದು ಪಾಯ್ಸನ್ ಅನುಪಾತ. ಸ್ಟೀಲಿಗೆ ಇದು ಸುಮಾರು 0.3. ನಮ್ಮ ಸರಳಿನ ವ್ಯಾಸ 12 × 0.3 × 0.00088, ಅಂದರೆ 0.003 ಮಿ.ಮೀ. ಕಡಿಮೆ ಆಗುತ್ತದೆ. ಅಷ್ಟು ಚಿಕ್ಕದು, ಹಾಗಾಗಿ ಮೂಲ ವಿಸ್ತೀರ್ಣ ಹಿಡಿದೇ ಲೆಕ್ಕ ಮಾಡುತ್ತೇವೆ.

ಹುಕ್ ಹೇಳಿದ್ದು ಎಲ್ಲಿ ತನಕ ನಡೆಯುತ್ತದೆ?

ಕಾಲೇಜಿನ ಲ್ಯಾಬಿನಲ್ಲಿ ಯುಟಿಎಂ ಎಂಬ ಪರೀಕ್ಷಾ ಯಂತ್ರದಲ್ಲಿ ಸರಳು ಎಳೆಯುವುದನ್ನು ಒಮ್ಮೆಯಾದರೂ ಹತ್ತಿರ ನಿಂತು ನೋಡಿ. ಪುಸ್ತಕದ ಗ್ರಾಫ್ ಎಷ್ಟು ಸಲ ಬರೆದರೂ ಆ ತಿಳಿವಳಿಕೆ ಬರುವುದಿಲ್ಲ.

12 ಮಿ.ಮೀ. ಎಫ್‌ಇ 500 ಸರಳಿನ ಮೇಲೆ 60 ಮಿ.ಮೀ. ಅಂತರದಲ್ಲಿ ಎರಡು ಗುರುತು ಮಾಡುತ್ತಾರೆ. ವ್ಯಾಸದ 5 ಪಟ್ಟು ಅನ್ನುವ ನಿಯಮದಿಂದ ಬಂದ ಗೇಜ್ ಉದ್ದ ಇದು. ಯಂತ್ರ ಎಳೆಯಲು ಶುರು ಮಾಡಿದಾಗ ಭಾರದ ಮುಳ್ಳು ಸರಸರ ಏರುತ್ತದೆ. ಕಣ್ಣಿಗೆ ಸರಳು ಹಾಗೇ ಇದ್ದಂತೆ ಕಾಣುತ್ತದೆ. ಸ್ಟ್ರೆಸ್ 500 ಮುಟ್ಟುವ ಹೊತ್ತಿಗೆ ಭಾರ ಸುಮಾರು 56.5 ಕಿಲೋನ್ಯೂಟನ್. ಆಗಲೂ ಗುರುತುಗಳ ನಡುವೆ ಹಿಗ್ಗಿದ್ದು ಬರೀ 0.15 ಮಿ.ಮೀ. ಈ ತನಕ ಗ್ರಾಫ್ ಹೆಚ್ಚುಕಡಿಮೆ ನೇರ ಗೆರೆ. ನಮ್ಮ ಸೂತ್ರ ನಡೆಯುವುದು ಈ ಗೆರೆಯ ಮೇಲೆ ಮಾತ್ರ.

ಆಮೇಲೆ ಸರಳು ಸೋಲುತ್ತದೆ. ಭಾರ ಅಷ್ಟಾಗಿ ಏರದೆಯೇ ಉದ್ದ ಬೆಳೆಯುತ್ತದೆ. ಇದು ಯೀಲ್ಡ್. ಇಲ್ಲಿಂದ ಮುಂದೆ ಭಾರ ತೆಗೆದರೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಸ್ವಲ್ಪ ಉದ್ದ ಶಾಶ್ವತವಾಗಿ ಉಳಿದುಬಿಡುತ್ತದೆ. ಸಾದಾ ಮೈಲ್ಡ್ ಸ್ಟೀಲಿನಲ್ಲಿ ಯೀಲ್ಡ್ ಸ್ಪಷ್ಟವಾಗಿ ಕಾಣುತ್ತದೆ. ಕೆಲವು ಸರಳುಗಳಲ್ಲಿ ಕಾಣುವುದಿಲ್ಲ. ಆಗ 0.2 ಶೇಕಡಾ ಸ್ಟ್ರೇನ್ ಶಾಶ್ವತವಾಗಿ ಉಳಿಯುವ ಸ್ಟ್ರೆಸ್ಸನ್ನೇ ಯೀಲ್ಡ್ ಎಂದು ಹಿಡಿಯುತ್ತಾರೆ. ಇನ್ನೂ ಎಳೆದರೆ ಒಂದು ಕಡೆ ಸರಳಿನ ಸೊಂಟ ಸಣ್ಣಗಾಗುತ್ತದೆ, ಭಾರದ ಮುಳ್ಳು ಇಳಿಯುತ್ತದೆ, ದೊಡ್ಡ ಸದ್ದಿನೊಂದಿಗೆ ಸರಳು ಎರಡಾಗುತ್ತದೆ. ತುಂಡುಗಳನ್ನು ಜೋಡಿಸಿ ಅಳೆದರೆ 60 ಮಿ.ಮೀ. ಇದ್ದದ್ದು ಕಡೇಪಕ್ಷ 67.2 ಆಗಿರಬೇಕು. ಎಫ್‌ಇ 500ಕ್ಕೆ ಸರಳುಗಳ ಮಾನದಂಡ ಐಎಸ್ 1786 ಕೇಳುವ ಕನಿಷ್ಠ ಹಿಗ್ಗು 12 ಶೇಕಡಾ. ಎಫ್‌ಇ 500ಡಿ ಆದರೆ 16.

0.15 ಮತ್ತು 7.2. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಸರಳು ಮುರಿಯುವ ಮುಂಚೆ ಇಷ್ಟೊಂದು ಹಿಗ್ಗಿ ಎಚ್ಚರಿಕೆ ಕೊಡುತ್ತದೆ. ಕಾಂಕ್ರೀಟ್, ಕಲ್ಲು ಹಾಗಲ್ಲ. ಎಳೆದರೆ ಎಚ್ಚರಿಕೆ ಇಲ್ಲದೆ ಬಿರುಕು ಬಿಡುತ್ತವೆ. ಅದಕ್ಕೇ ನಮ್ಮ ಶಹಾಬಾದ್ ಫರ್ಸಿ ಕಲ್ಲು ನೆಲಕ್ಕೆ ಹಾಸಲು ಸೈ, ತೂಗುಹಾಕಲು ಅಲ್ಲ.

ಎರಡು ಅಟ್ಟ, ಒಂದು ರಾಡ್

ಈಗ ಕತ್ತರಿಸುವ ಅಭ್ಯಾಸಕ್ಕೆ ಬರೋಣ. ಕಲಬುರಗಿಯ ದಾಲ್ ಮಿಲ್ಲುಗಳಂಥ ಎತ್ತರದ ಶೆಡ್ಡಿನಲ್ಲಿ ಮೇಲಿನ ತೊಲೆಯಿಂದ 20 ಮಿ.ಮೀ. ರಾಡ್ ಇಳಿಬಿಟ್ಟಿದ್ದಾರೆ ಎಂದುಕೊಳ್ಳಿ. 3 ಮೀಟರ್ ಕೆಳಗೆ ಒಂದು ಅಟ್ಟ, ಅದಕ್ಕಿಂತ 2 ಮೀಟರ್ ಕೆಳಗೆ ಇನ್ನೊಂದು. ಮೇಲಿನ ಅಟ್ಟ ಈ ರಾಡಿನ ಮೇಲೆ 15 ಕಿಲೋನ್ಯೂಟನ್ ಹಾಕುತ್ತದೆ, ಕೆಳಗಿನದು 10.

ಒಟ್ಟು ಭಾರ 25, ಒಟ್ಟು ಉದ್ದ 5 ಮೀಟರ್ ಎಂದು ಸೂತ್ರಕ್ಕೆ ಹಾಕಿದರೆ ತಪ್ಪು. ಎರಡು ಕಡೆ ಕೊಯ್ಯಬೇಕು.

ಎರಡು ಅಟ್ಟಗಳ ನಡುವೆ ಕೊಯ್ದರೆ ಕೆಳಗೆ ಉಳಿಯುವುದು ಒಂದೇ ಅಟ್ಟ. ಒಳಬಲ 10 ಕಿಲೋನ್ಯೂಟನ್. ವಿಸ್ತೀರ್ಣ 314 ಚ.ಮಿ.ಮೀ., ಸ್ಟ್ರೆಸ್ 32. ಹಿಗ್ಗು 10,000 × 2,000 ÷ (314 × 2,00,000) = 0.32 ಮಿ.ಮೀ.

ಮೇಲಿನ ಅಟ್ಟಕ್ಕಿಂತ ಮೇಲೆ ಕೊಯ್ದರೆ ಕೆಳಗೆ ಎರಡೂ ಅಟ್ಟ ಇವೆ. ಒಳಬಲ 25 ಕಿಲೋನ್ಯೂಟನ್, ಸ್ಟ್ರೆಸ್ 80, ಹಿಗ್ಗು 1.19 ಮಿ.ಮೀ.

ಮೇಲಿನ ಅಟ್ಟ 1.19 ಮಿ.ಮೀ. ಇಳಿಯಿತು. ಕೆಳಗಿನದು ಎರಡನ್ನೂ ಕೂಡಿಸಿ 1.51 ಮಿ.ಮೀ. ಇಳಿಯಿತು. ಮಧ್ಯದಲ್ಲಿ ಭಾರ ಬದಲಾದರೆ, ರಾಡಿನ ದಪ್ಪ ಬದಲಾದರೆ, ವಸ್ತು ಬದಲಾದರೆ ಹೀಗೇ ತುಂಡು ತುಂಡು ಲೆಕ್ಕ ಮಾಡಿ ಕೂಡಿಸುವುದು. ಕೆಲವು ತುಂಡು ಒತ್ತಡದಲ್ಲಿದ್ದರೆ ಅವುಗಳ ಬದಲಾವಣೆ ಕಳೆಯಬೇಕು. ಇಷ್ಟೇ.

ಈ ಲೆಕ್ಕವನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ದುರಂತವೇ ಸಾಕ್ಷಿ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಒಂದರ ಕೆಳಗೆ ಒಂದು ನಡೆದಾರಿಗಳನ್ನು ರಾಡುಗಳಿಂದ ತೂಗಿಸಿದ್ದರು. ಮೊದಲ ನಕ್ಷೆಯಲ್ಲಿ ಒಂದೇ ಉದ್ದ ರಾಡ್ ಎರಡೂ ನಡೆದಾರಿಗಳನ್ನು ಹಾದು ಹೋಗುತ್ತಿತ್ತು. ಮೇಲಿನ ನಡೆದಾರಿಯ ಅಡಿಯ ನಟ್ ಆ ಒಂದು ನಡೆದಾರಿಯ ಭಾರವನ್ನಷ್ಟೇ ಹೊರಬೇಕಿತ್ತು. ಕಟ್ಟುವಾಗ ಉದ್ದ ರಾಡಿನ ಬದಲು ಎರಡು ಚಿಕ್ಕ ರಾಡ್ ಬಳಸಿದರು. ಕೆಳಗಿನ ನಡೆದಾರಿಯನ್ನು ಮೇಲಿನ ನಡೆದಾರಿಯಿಂದಲೇ ತೂಗಿಸಿದರು. ಮೇಲಿನ ತೊಲೆಗೆ ಬೀಳುವ ಒಟ್ಟು ಭಾರ ಬದಲಾಗಲಿಲ್ಲ. ಆದರೆ ಆ ನಟ್ಟಿನ ಜಾಗದಲ್ಲಿ ಕೊಯ್ದು ನೋಡಿ, ಈಗ ಅಲ್ಲಿ ಎರಡೂ ನಡೆದಾರಿಗಳ ಭಾರ ಇದೆ. ಬಲ ದುಪ್ಪಟ್ಟಾಗಿತ್ತು. 1981ರ ಜುಲೈ 17ರಂದು ನಡೆದಾರಿಗಳು ಕುಸಿದು 114 ಜನ ಸತ್ತರು.

ಮಕ್ಕಳಿಗೆ ಈ ಪಾಠ ಹೇಳುವ ಪ್ರತಿಯೊಬ್ಬರೂ ಈ ಘಟನೆ ಹೇಳಬೇಕು. ಎರಡು ಸಾಲಿನ ಲೆಕ್ಕ ಇದು. ಅದನ್ನು ಕೂತು ಮಾಡಿ ನೋಡಿದ್ದರೆ ಸಾಕಿತ್ತು.

ಸ್ವಂತ ಭಾರ: ಬೋರ್ ಪೈಪಿನಿಂದ ಬೀದರಿನ ಮಿನಾರಿನ ತನಕ

ಬೋರ್‌ವೆಲ್ ಪೈಪಿನಲ್ಲಿ ಭಾರ ಒಂದೆರಡು ಜಾಗದಲ್ಲಿ ಇಲ್ಲ. ಉದ್ದಕ್ಕೂ ಹರಡಿದೆ. ತಳದಲ್ಲಿ ಕೊಯ್ದರೆ ಒಳಬಲ ಬರೀ ಪಂಪಿನದು. ಮೇಲೆ ಹೋದಂತೆ ಕೆಳಗೆ ಉಳಿಯುವ ಪೈಪಿನ ಭಾರ ಸೇರುತ್ತಾ ಹೋಗುತ್ತದೆ. ಸ್ವಂತ ಭಾರದ ಒಳಬಲ ತಳದಲ್ಲಿ ಸೊನ್ನೆ, ಮೇಲೆ ಪೂರ್ತಿ. ನಡುವೆ ಒಂದೇ ಸಮ ಏರಿದ್ದರಿಂದ ಸರಾಸರಿ ಅರ್ಧ. ಹಾಗಾಗಿ ಸ್ವಂತ ಭಾರದ ಹಿಗ್ಗಿಗೆ ಅದೇ ಸೂತ್ರ, ಭಾರ ಮಾತ್ರ ಅರ್ಧ.

48.3 ಮಿ.ಮೀ. ಹೊರವ್ಯಾಸ, 3.2 ಮಿ.ಮೀ. ದಪ್ಪದ ಜಿಐ ಪೈಪಿನ ಲೋಹದ ವಿಸ್ತೀರ್ಣ ಸುಮಾರು 453 ಚ.ಮಿ.ಮೀ. ಮೀಟರಿಗೆ ಸುಮಾರು 3.56 ಕೆ.ಜಿ. ತೂಕ. 150 ಮೀಟರಿಗೆ 534 ಕೆ.ಜಿ. ನೋಡಿ, ಪಂಪಿನ 40 ಕೆ.ಜಿ. ಇದರ ಮುಂದೆ ಏನೂ ಅಲ್ಲ. ಪೈಪಿನೊಳಗಿನ ನೀರನ್ನು ಸದ್ಯಕ್ಕೆ ಬಿಡೋಣ. ಪಂಪಿನಿಂದ ಆಗುವ ಹಿಗ್ಗು 0.65 ಮಿ.ಮೀ., ಸ್ವಂತ ಭಾರದಿಂದ 4.33 ಮಿ.ಮೀ. ಒಟ್ಟು ಸುಮಾರು 5.

ಮೇಲಿನ ತುದಿಯಲ್ಲಿ ಸ್ವಂತ ಭಾರದ ಸ್ಟ್ರೆಸ್ ಚ.ಮಿ.ಮೀ.ಗೆ 11.6 ನ್ಯೂಟನ್. ಇಲ್ಲೊಂದು ಸೊಗಸಾದ ವಿಷಯ ಇದೆ. ದಪ್ಪ ಪೈಪ್ ಹಾಕಿದರೆ ವಿಸ್ತೀರ್ಣ ಜಾಸ್ತಿ ಆಗುತ್ತದೆ, ಭಾರವೂ ಅಷ್ಟೇ ಜಾಸ್ತಿ ಆಗುತ್ತದೆ. ಭಾಗಿಸಿದಾಗ ವಿಸ್ತೀರ್ಣ ಹಾರಿಹೋಗುತ್ತದೆ. ಸ್ವಂತ ಭಾರದ ಸ್ಟ್ರೆಸ್ಸಿಗೆ ಸಾಂದ್ರತೆ ಮತ್ತು ಉದ್ದ ಇಷ್ಟೇ ಗೊತ್ತು. ಹಿಗ್ಗು ಉದ್ದದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಬೋರ್ 300 ಮೀಟರ್ ಆದರೆ 4.33 ಇದ್ದದ್ದು ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು. 17 ಮಿ.ಮೀ. ದಾಟುತ್ತದೆ.

ಎಚ್‌ಡಿಪಿಇ ಪೈಪ್ ಆದರೆ ಇ ಸ್ಟೀಲಿಗಿಂತ ಸುಮಾರು ಇನ್ನೂರು ಪಟ್ಟು ಕಡಿಮೆ. ಆಗ ಹಿಗ್ಗು ಮಿಲಿಮೀಟರಿನಲ್ಲಿ ಅಲ್ಲ, ಸೆಂಟಿಮೀಟರಿನಲ್ಲಿ ಅಳೆಯುವಷ್ಟು ಆಗುತ್ತದೆ. ಪಂಪಿಗೆ ಬೇರೆಯಾಗಿ ಹಗ್ಗ ಕಟ್ಟಿ ಇಳಿಸುವುದು ಸುಮ್ನೆ ಅಲ್ಲ.

ಇದೇ ಲೆಕ್ಕವನ್ನು ತಲೆಕೆಳಗು ಮಾಡಿದರೆ ಗೋಡೆ, ಗೋಪುರ, ಮಿನಾರುಗಳ ಲೆಕ್ಕ. ಬೀದರಿನಲ್ಲಿ ಮಹಮೂದ್ ಗವಾನ್ 1472ರ ಸುಮಾರಿಗೆ ಕಟ್ಟಿಸಿದ ಮದರಸಾದ ಮಿನಾರು ಸುಮಾರು 40 ಮೀಟರ್ ಎತ್ತರ ಇದೆ. ಕಟ್ಟಡದ ಒಂದು ಘನ ಮೀಟರ್ 2,000 ಕೆ.ಜಿ. ತೂಗುತ್ತದೆ, ಮಿನಾರು ಮೇಲಿನಿಂದ ಕೆಳಗೆ ಒಂದೇ ಅಳತೆ ಎಂದು ಹಿಡಿಯೋಣ. ಬುಡದಲ್ಲಿ ಸ್ಟ್ರೆಸ್ 2,000 × 9.81 × 40 = ಚದರ ಮೀಟರಿಗೆ 7,84,800 ನ್ಯೂಟನ್, ಅಂದರೆ ಚ.ಮಿ.ಮೀ.ಗೆ 0.78 ನ್ಯೂಟನ್. ಒಂದು ನ್ಯೂಟನ್ ಕೂಡ ಇಲ್ಲ! ಇಂದಿನ ತೀರಾ ಸಾದಾ ದರ್ಜೆಯ ಇಟ್ಟಿಗೆಯೇ 3.5 ತಡೆಯಬೇಕು ಎಂದು ನಿಯಮ ಇದೆ. ನಿಜವಾದ ಮಿನಾರು ಮೇಲೆ ಹೋದಂತೆ ಸಣ್ಣಗಾಗುವುದರಿಂದ ಬುಡದ ಸ್ಟ್ರೆಸ್ ಇನ್ನೂ ಕಡಿಮೆ. ನೇರ ಭಾರದಿಂದ ಇಂಥ ಕಟ್ಟಡಗಳು ಬೀಳುವುದು ಅಪರೂಪ. ಅಡಿಪಾಯ ಒಂದು ಕಡೆ ಕುಸಿದಾಗ, ವಾಲಿದಾಗ, ಸ್ಫೋಟ ಆದಾಗ ಬೀಳುತ್ತವೆ. 17ನೇ ಶತಮಾನದ ಕೊನೆಯಲ್ಲಿ ಸ್ಫೋಟವೊಂದು ಈ ಮದರಸಾದ ಒಂದು ಭಾಗವನ್ನು ಕೆಡವಿತು. ಉಳಿದ ಮಿನಾರು ಇವತ್ತಿಗೂ ನಿಂತಿದೆ.

ಭಾರ ಹಂಚುವುದು ಯಾರು?

ಇಲ್ಲಿ ತನಕ ಒಳಬಲ ಕಂಡುಹಿಡಿಯಲು ಕತ್ತರಿಸಿ ಕೂಡಿಸಿದರೆ ಸಾಕಾಗಿತ್ತು. ಈಗ ಸಾಕಾಗದ ಜಾಗಕ್ಕೆ ಬಂದೆವು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲೇ ಇದೆ.

ಮನೆಯ ಕಾಲಮ್ ತಗೊಳ್ಳಿ. 300 × 300 ಮಿ.ಮೀ., 3 ಮೀಟರ್ ಎತ್ತರ. ಒಳಗೆ 16 ಮಿ.ಮೀ.ನ 4 ಸರಳು. ಕಾಂಕ್ರೀಟ್ ಎಂ25. ಮೇಲಿನಿಂದ 600 ಕಿಲೋನ್ಯೂಟನ್ ಭಾರ. ಅಡ್ಡ ಕೊಯ್ದರೆ ಮುಖದಲ್ಲಿ ಕಾಂಕ್ರೀಟೂ ಇದೆ, ಸ್ಟೀಲೂ ಇದೆ. ಇಬ್ಬರೂ ಸೇರಿ 600 ಹೊತ್ತಿದ್ದಾರೆ ಎಂದು ಗೊತ್ತು. ಯಾರ ಪಾಲು ಎಷ್ಟು? ಬಲದ ಸಮತೋಲನ ಇದಕ್ಕೆ ಉತ್ತರ ಕೊಡುವುದಿಲ್ಲ.

ಉತ್ತರ ಕೊಡುವುದು ಉದ್ದದ ಬದಲಾವಣೆ. ಸರಳು ಕಾಂಕ್ರೀಟಿಗೆ ಅಂಟಿಕೊಂಡಿದೆ. ಆದ್ದರಿಂದ ಎರಡೂ ಒಂದೇ ಅಳತೆ ಕುಗ್ಗಬೇಕು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹಾಗೆ: ಹೆಜ್ಜೆ ಇಬ್ಬರಿಗೂ ಒಂದೇ, ಕಸುವು ಜಾಸ್ತಿ ಇರುವ ಎತ್ತು ಜಾಸ್ತಿ ಎಳೆಯುತ್ತದೆ. ಸ್ಟ್ರೇನ್ ಒಂದೇ ಆದರೆ ಸ್ಟ್ರೆಸ್ ಇ ಇದ್ದ ಪ್ರಮಾಣದಲ್ಲಿ ಇರಬೇಕು. 2,00,000 ÷ 25,000 = 8. ಸ್ಟೀಲಿನ ಸ್ಟ್ರೆಸ್ ಕಾಂಕ್ರೀಟಿನದಕ್ಕಿಂತ 8 ಪಟ್ಟು.

ಇನ್ನು ಸುಲಭ. ಸ್ಟೀಲಿನ ವಿಸ್ತೀರ್ಣ 804, ಕಾಂಕ್ರೀಟಿನದು 90,000ದಲ್ಲಿ 804 ಕಳೆದು 89,196. ಸ್ಟೀಲಿನ ಪ್ರತಿ ಚ.ಮಿ.ಮೀ. 8 ಚ.ಮಿ.ಮೀ. ಕಾಂಕ್ರೀಟಿಗೆ ಸಮ ಎಂದು ಹಿಡಿದರೆ ಒಟ್ಟು 89,196 + 6,432 = 95,628. ಕಾಂಕ್ರೀಟಿನ ಸ್ಟ್ರೆಸ್ 6,00,000 ÷ 95,628 = 6.27. ಸ್ಟೀಲಿನದು 50.2. ಸ್ಟೀಲ್ ಹೊತ್ತದ್ದು ಸುಮಾರು 40 ಕಿಲೋನ್ಯೂಟನ್, ಕಾಂಕ್ರೀಟ್ 560. ಕಾಲಮ್ ಕುಗ್ಗಿದ್ದು 0.75 ಮಿ.ಮೀ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಕಾಂಕ್ರೀಟ್ ವರ್ಷಗಟ್ಟಲೆ ಭಾರ ಹೊತ್ತರೆ ನಿಧಾನಕ್ಕೆ ಇನ್ನೂ ಕುಗ್ಗುತ್ತಾ ಹೋಗುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. 28 ದಿನಕ್ಕೆ ಭಾರ ಬಿದ್ದ ಕಾಂಕ್ರೀಟಿಗೆ ಐಎಸ್ 456 ಕೊಡುವ ಕ್ರೀಪ್ ಅಂಕ 1.6. ಅಂದರೆ ಮೊದಲ ಸ್ಟ್ರೇನ್ 1 ಆದರೆ ಕಾಲಕ್ರಮದಲ್ಲಿ ಇನ್ನೊಂದು 1.6 ಸೇರುತ್ತದೆ. ಕಾಂಕ್ರೀಟಿನ ಇ 25,000 ÷ 2.6, ಸುಮಾರು 9,600ಕ್ಕೆ ಇಳಿದಂತೆ. ಅನುಪಾತ 8ರ ಬದಲು ಸುಮಾರು 20.8. ಅದೇ ಲೆಕ್ಕ ಮತ್ತೆ ಮಾಡಿ. ಕಾಂಕ್ರೀಟಿನ ಸ್ಟ್ರೆಸ್ 5.67ಕ್ಕೆ ಇಳಿಯುತ್ತದೆ, ಸ್ಟೀಲಿನದು 118ಕ್ಕೆ ಏರುತ್ತದೆ, ಕುಗ್ಗು 1.77 ಮಿ.ಮೀ. ಆಗುತ್ತದೆ. ಮನೆಯ ಮೇಲೆ ಒಂದು ಇಟ್ಟಿಗೆಯೂ ಜಾಸ್ತಿ ಬಿದ್ದಿಲ್ಲ, ಆದರೂ ಸರಳಿನ ಸ್ಟ್ರೆಸ್ ಎರಡು ಪಟ್ಟು ದಾಟಿತು. ಕಾಂಕ್ರೀಟ್ ಸೋತಷ್ಟೂ ಸ್ಟೀಲ್ ಹೊರುತ್ತದೆ. ಕಾಲಮ್ಮಿನಲ್ಲಿ ಕನಿಷ್ಠ 0.8 ಶೇಕಡಾ ಸ್ಟೀಲ್ ಇರಲೇಬೇಕು ಎಂಬ ನಿಯಮಕ್ಕೆ ಇದೂ ಒಂದು ಕಾರಣ. ಗೌಂಡಿಯ ಮಾತು ಕೇಳಿ ಎರಡು ಸರಳು ಉಳಿಸಲು ಹೋಗುವ ಮನೆಯವರು ಈ ಲೆಕ್ಕವನ್ನು ನೋಡಬೇಕು ಅನಿಸುತ್ತದೆ.

ಇಂಥ ಎಲ್ಲ ಲೆಕ್ಕಗಳಲ್ಲೂ ಎರಡು ಪ್ರಶ್ನೆ ಕೇಳಿ. ಬಲಗಳು ಕೂಡುತ್ತವೆಯೇ? ಉದ್ದಗಳು ಹೊಂದುತ್ತವೆಯೇ? ಮೊದಲನೆಯದು ಸಾಲದಿದ್ದಾಗ ಎರಡನೆಯದು ದಾರಿ ತೋರಿಸುತ್ತದೆ.

ಭಾರವೇ ಇಲ್ಲದ ಸ್ಟ್ರೆಸ್

ನಮ್ಮ ಬಿಸಿಲು ಇದಕ್ಕೆ ಸರಿಯಾದ ಉದಾಹರಣೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಿಗೆ ಬಿದ್ದ ಕಬ್ಬಿಣ ಗಾಳಿಗಿಂತ ಜಾಸ್ತಿ ಕಾಯುತ್ತದೆ. ಸ್ಟೀಲ್ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ.

ಪತ್ರಾಸಿನ ಶೆಡ್ಡಿನಲ್ಲಿ ಎರಡು ಗೋಡೆಗಳ ನಡುವೆ 6 ಮೀಟರಿನ ಕಬ್ಬಿಣದ ತೊಲೆ ಇದೆ. ತಾಪ 30 ಡಿಗ್ರಿ ಏರಿತು. ತಡೆ ಇಲ್ಲದಿದ್ದರೆ ಅದು 2.16 ಮಿ.ಮೀ. ಹಿಗ್ಗುತ್ತದೆ, ಸ್ಟ್ರೆಸ್ ಸೊನ್ನೆ. ಗೋಡೆಗಳು ಒಂದಿಷ್ಟೂ ಜಗ್ಗದೆ ತಡೆದರೆ ಹಿಗ್ಗು ಸೊನ್ನೆ, ಆದರೆ ಆ 2.16 ಮಿ.ಮೀ.ನ್ನು ಹಿಂದಕ್ಕೆ ಒತ್ತಲು ಬೇಕಾದ ಸ್ಟ್ರೆಸ್ ಹುಟ್ಟುತ್ತದೆ: 2,00,000 × 2.16 ÷ 6,000 = 72. ತುದಿಯಲ್ಲಿ 1 ಮಿ.ಮೀ. ಸಂದು ಬಿಟ್ಟಿದ್ದರೆ? ಒತ್ತಬೇಕಾದದ್ದು 1.16 ಮಿ.ಮೀ. ಮಾತ್ರ, ಸ್ಟ್ರೆಸ್ 39ಕ್ಕೆ ಇಳಿಯುತ್ತದೆ. ಬೋಲ್ಟಿನ ತೂತನ್ನು ದುಂಡಗೆ ಕೊರೆಯದೆ ಉದ್ದಕ್ಕೆ ಕೊರೆಯುವುದು ಇದಕ್ಕೇ.

ಸೊಲ್ಲಾಪುರದಿಂದ ಕಲಬುರಗಿ ಹಾದು ವಾಡಿಗೆ ಹೋಗುವಂಥ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಉದ್ದಕ್ಕೆ ಬೆಸೆದಿರುತ್ತಾರೆ. ಹಳೆಯ ಹಾಗೆ ಪ್ರತಿ ಹಳಿಗೂ ಸಂದು ಇಲ್ಲ. 35 ಡಿಗ್ರಿಯಲ್ಲಿ ಸ್ಟ್ರೆಸ್ ಇಲ್ಲದಂತೆ ಬಿಗಿದ ಹಳಿ ಮಧ್ಯಾಹ್ನ 60 ಡಿಗ್ರಿಗೆ ಕಾಯಿತು ಅನ್ನಿ. ಬಿಟ್ಟಿದ್ದರೆ ಒಂದು ಕಿಲೋಮೀಟರಿಗೆ 300 ಮಿ.ಮೀ. ಹಿಗ್ಗುತ್ತಿತ್ತು. ಬಿಗಿದಿದ್ದರಿಂದ ಸ್ಟ್ರೆಸ್ 2,00,000 × 0.000012 × 25 = 60. ಮೀಟರಿಗೆ 60 ಕೆ.ಜಿ. ತೂಗುವ ಹಳಿಯ ಮುಖದ ವಿಸ್ತೀರ್ಣ ಸುಮಾರು 7,700 ಚ.ಮಿ.ಮೀ. ಒತ್ತಡದ ಬಲ ಸುಮಾರು 460 ಕಿಲೋನ್ಯೂಟನ್, 47 ಟನ್. ರೈಲು ಇನ್ನೂ ಬಂದಿಲ್ಲ. ಲೆಕ್ಕದಲ್ಲಿ ಉದ್ದ ಎಲ್ಲೂ ಬರಲಿಲ್ಲ ಗಮನಿಸಿ. ಬೆಸೆದ ಹಳಿ ಒಂದು ಕಿಲೋಮೀಟರ್ ಇರಲಿ, ಹತ್ತು ಇರಲಿ, ಸ್ಟ್ರೆಸ್ ಒಂದೇ. ಚಳಿಗಾಲದ ರಾತ್ರಿ ಹಳಿ 15 ಡಿಗ್ರಿಗೆ ಇಳಿದಾಗ ಅದೇ ಹಳಿ 48ರ ಎಳೆತದಲ್ಲಿರುತ್ತದೆ.

ಸೂತ್ರ ಎಲ್ಲಿ ನಿಲ್ಲುತ್ತದೆ?

ಭಾರ ಹಿಡಿದ ಜಾಗದ ಹತ್ತಿರ ಸ್ಟ್ರೆಸ್ ಸಮನಾಗಿ ಹರಡಿರುವುದಿಲ್ಲ. ಸರಳಿನ ಅಗಲದಷ್ಟು ದೂರ ಸರಿದರೆ ಸಮ ಆಗುತ್ತದೆ ಎಂದು ತೋರಿಸಿಕೊಟ್ಟವನು ಫ್ರೆಂಚ್ ಎಂಜಿನಿಯರ್ ಸೇಂಟ್ ವೆನಾಂಟ್. ಪಟ್ಟಿಯಲ್ಲಿ ತೂತು ಇದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಸರಾಸರಿಯ ಮೂರು ಪಟ್ಟು ತನಕ ಏರುತ್ತದೆ. ಭಾರ ನಡುಗೆರೆಯಿಂದ ಪಕ್ಕಕ್ಕೆ ಸರಿದರೆ ಬಾಗುವಿಕೆ ಸೇರುತ್ತದೆ.

ಇವೆಲ್ಲಕ್ಕಿಂತ ಅಪಾಯದ್ದು ಒತ್ತಡದಲ್ಲಿರುವ ಸಪೂರ ಸರಳು. ಎಳೆದರೆ ಅದು ನೆಟ್ಟಗಾಗುತ್ತದೆ. ಒತ್ತಿದರೆ ಯೀಲ್ಡ್ ಮುಟ್ಟುವ ಎಷ್ಟೋ ಮುಂಚೆಯೇ ಪಕ್ಕಕ್ಕೆ ಸೊಟ್ಟಗಾಗಿಬಿಡಬಹುದು. ಗಣಿತಜ್ಞ ಐಲರ್ 1744ರಲ್ಲಿ ಇದರ ಲೆಕ್ಕ ಕೊಟ್ಟ. ಅಲ್ಲಿ ಉದ್ದ ಎರಡು ಪಟ್ಟಾದರೆ ತಡೆಯುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಬಿಸಿಲಿಗೆ ಒತ್ತಡಕ್ಕೆ ಸಿಕ್ಕ ಹಳಿ ಹಾವಿನಂತೆ ಸೊಟ್ಟಗಾಗದೆ ನಿಲ್ಲುವುದು ಸ್ಲೀಪರ್ ಮತ್ತು ಅದರ ಪಕ್ಕ ತುಂಬಿದ ಜಲ್ಲಿಯ ಹಿಡಿತದಿಂದ. ಬೇಸಿಗೆಯಲ್ಲಿ ಆ ಜಲ್ಲಿಯನ್ನು ಕೆದಕುವ ಕೆಲಸಕ್ಕೆ ರೈಲ್ವೆಯಲ್ಲಿ ಅಷ್ಟು ಕಟ್ಟುನಿಟ್ಟು ಇರುವುದೂ ಅದಕ್ಕೇ.

ಕಾಲಮ್ಮಿಗೆ ಐಎಸ್ 456 ಹಾಕಿದ ಗೆರೆ ಸರಳವಾಗಿದೆ. ಎತ್ತರವನ್ನು ಅಗಲದಿಂದ ಭಾಗಿಸಿದರೆ 12ಕ್ಕಿಂತ ಕಡಿಮೆ ಬಂದರೆ ಅದು ಗಿಡ್ಡ ಕಾಲಮ್. ನಮ್ಮ ಕಾಲಮ್ 3,000 ÷ 300 = 10, ಹಾಗಾಗಿ ಮೇಲಿನ ಲೆಕ್ಕ ನಡೆಯುತ್ತದೆ. ಅದೇ ಕಾಲಮ್ಮನ್ನು ನಡುವೆ ಯಾವ ತೊಲೆಯ ಆಸರೆಯೂ ಇಲ್ಲದೆ 4.5 ಮೀಟರಿಗೆ ಏರಿಸಿದರೆ ಅನುಪಾತ 15. ಆಗ 6.27ರ ಸ್ಟ್ರೆಸ್ ನೋಡಿ ಸಮಾಧಾನ ಪಡುವಂತಿಲ್ಲ, ಬಾಗುವಿಕೆಯ ಲೆಕ್ಕವನ್ನೂ ಜೊತೆಗೆ ಮಾಡಲೇಬೇಕು.